ಚರ್ಚಿನ ಬಾಗಿಲಲ್ಲಿ ಬಿಚ್ಚಿಟ್ಟ ಶೂ

ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಹಿರಿಯರಿಗೆ ಶನಿವಾರ ಬಂತೆಂದರೆ ಸಫೋಕ್ ಕೌಂಟಿಯ ಹಳ್ಳಿಗಳನ್ನು ನೋಡುವ ಹುಚ್ಚು. ಜೊತೆಗೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಎರಡೂ ಬದಿಯ ಬೇಲಿ ಒತ್ತರಿಸಿಕೊಂಡು ಬಂದ ಕಿರುದಾರಿಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದರೆ, ತಾವೇ ಕಾರನ್ನು ಹಿಂದಕ್ಕೆ ತೆಗೆದು, "ನಿಧಾನಕ್ಕೆ ಹೋಗೋಣ ಬಿಡಪ್ಪ, ಹಳ್ಳಿ ಎಲ್ಲಿಗೂ ಓಡಿಹೋಗಲ್ಲ" ಎನ್ನುತ್ತಿದ್ದರು.

ಪ್ರತಿ ಹಳ್ಳಿಯ ಹಳೆಯ ಚರ್ಚಿನ ಬಾಗಿಲಲ್ಲೂ ಅವರು ಶೂ ಬಿಚ್ಚಿ, ಗೋಡೆಗೆ ಒತ್ತಿ ಜೋಡಿಸಿಡುತ್ತಿದ್ದರು. "ಅಂಕಲ್, ಇಲ್ಲಿ ಯಾರೂ ಬಿಚ್ಚಲ್ಲ" ಎಂದು ನಾನು ಪಿಸುಗುಟ್ಟಿದರೆ, "ನಂಗಾಗಲ್ಲ ಕಣಪ್ಪ" ಎಂದು ಕಾಲುಚೀಲದಲ್ಲೇ ಆ ಕೊರೆಯುವ ಕಲ್ಲುಹಾಸಿನ ಮೇಲೆ ನಡೆದುಬಿಡುತ್ತಿದ್ದರು. ಯಾರಾದರೂ ನೋಡಿಬಿಟ್ಟಾರು ಎಂದು ನನಗೆ ನಾಚಿಕೆ.

ಒಂದು ಸಲ ನಾವು ಒಳಗಿದ್ದಾಗ, ಹೊಲಗಳಲ್ಲಿ ನಡೆದು ಬಂದ ಇಂಗ್ಲಿಷ್ ದಂಪತಿ ಬಾಗಿಲಲ್ಲಿದ್ದ ಶೂ ನೋಡಿದರು. ಇಲ್ಲಿನ ನಿಯಮವೇ ಹೀಗಿರಬೇಕೆಂದುಕೊಂಡು ಕೆಸರು ಮೆತ್ತಿದ ಬೂಟುಗಳನ್ನು ಬಿಚ್ಚಿಟ್ಟು ಒಳಬಂದರು. ಇಬ್ಬರ ಕಣ್ಣೂ ನೇರ ನನ್ನ ಕಾಲಿನ ಮೇಲೆ ಬಿತ್ತು. ಅಷ್ಟು ದೊಡ್ಡ ಚರ್ಚಿನಲ್ಲಿ ಶೂ ಹಾಕಿಕೊಂಡು ನಿಂತಿದ್ದವನು ನಾನೊಬ್ಬನೇ. ಹಿರಿಯರು ಕಿಟಕಿಯ ಬಣ್ಣದ ಗಾಜನ್ನು ನೋಡುತ್ತಾ ನಿಂತಿದ್ದರು. ಅವರಿಗೆ ಇದಾವುದೂ ಗೊತ್ತಾಗಲೇ ಇಲ್ಲ.

ಅವರು ತೀರಿಕೊಂಡ ಮೇಲೆ, ಮೊನ್ನೆ ಮೊದಲ ಸಲ ಮಗಳನ್ನು ಅದೇ ಚರ್ಚಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ಬಗ್ಗಿ ಲೇಸ್ ಬಿಚ್ಚತೊಡಗಿದೆ.

"ಡ್ಯಾಡ್, ಹರಿ ಅಪ್" ಎಂದಳು.

"ನಿಧಾನ ಕಣೇ, ಹಳ್ಳಿ ಎಲ್ಲಿಗೂ ಓಡಿಹೋಗಲ್ಲ" ಎಂದೆ. ಶೂಗಳನ್ನು ಗೋಡೆಗೆ ಒತ್ತಿ ಇಟ್ಟೆ, ಪಕ್ಕದಲ್ಲಿ ಇನ್ನೊಂದು ಜೋಡಿಗೆ ಜಾಗ ಬಿಟ್ಟು.