ಡಿಸ್ಕೋ ಹಾಡಿನೊಳಗೆ ಸಿಕ್ಕಿಕೊಂಡ ನಗು

ಗಲಗಲಿ ಎನ್ನುವುದು ಆಕೆಗೆ ಡ್ರೈಕ್ಲೀನಿಂಗ್ ಅಂಗಡಿಯವರು ಇಟ್ಟ ಹೆಸರು. ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಒಳಗಿನ ಇಸ್ತ್ರಿ ಮೇಜಿನ ಮುಂದೆ ನಿಂತು ಯಾವುದೋ ಸಣ್ಣ ಮಾತಿಗೆ ಆಕೆ ನಕ್ಕರೆ, ಹೊರಗೆ ಬಟ್ಟೆ ಕೊಡಲು ಬಂದವರು ಕತ್ತು ಚಾಚಿ ನೋಡುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿ, ಮೆಟ್ಟಿಲು ಹತ್ತುವ ಹಾಗೆ ಏರಿ, ತುದಿಯಲ್ಲಿ ಒಂದು ಕ್ಷಣ ನಿಂತು, ಮತ್ತೆ ದಡದಡನೆ ಇಳಿದುಬರುವ ನಗು ಅದು. ಅಂಗಡಿಯ ಯಜಮಾನ ಮೊದಮೊದಲು ಗದರಿಸಿ ನೋಡಿದ. ಆಮೇಲೆ ಯಂತ್ರಗಳ ಸದ್ದಿನ ಲೆಕ್ಕಕ್ಕೇ ಅದನ್ನೂ ಸೇರಿಸಿ ಸುಮ್ಮನಾದ.

ಊರಿಗೆ ಊರೇ ಡಿಸ್ಕೋ ಹುಚ್ಚು ಹಿಡಿಸಿಕೊಂಡಿದ್ದ ಕಾಲ. ಗಂಡಸರ ಅಂಗಿಯ ಕಾಲರು ಭುಜ ಮುಟ್ಟುತ್ತಿತ್ತು. ಪ್ಯಾಂಟು ಕೆಳಗೆ ಬೀದಿ ಗುಡಿಸುವಷ್ಟು ಅಗಲ, ಮೇಲೆ ಉಸಿರು ಬಿಡಲಾಗದಷ್ಟು ಬಿಗಿ. ಸ್ಯಾಟಿನ್ ಬಟ್ಟೆಗೆ ಬಿಸಿ ಸ್ವಲ್ಪ ಹೆಚ್ಚಾದರೂ ಹೊಳಪು ಸತ್ತುಹೋಗುತ್ತದೆ. ಆದ್ದರಿಂದ ಅಂಥವುಗಳನ್ನೆಲ್ಲ ಗಲಗಲಿಯೇ ಒದ್ದೆ ಬಟ್ಟೆ ಹಾಸಿ, ಉಲ್ಟಾ ತಿರುಗಿಸಿ ಇಸ್ತ್ರಿ ಮಾಡುತ್ತಿದ್ದಳು.

ಅಂಥ ಬಟ್ಟೆ ತರುವವರಲ್ಲಿ ಒಬ್ಬ ಗಾಯಕನಿದ್ದ. ಚಪ್ಪಲಿ ಅಂಗಡಿಯ ಮೇಲಿದ್ದ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಹಾಡುತ್ತಿದ್ದ. ಬಿಳಿ ಸ್ಯಾಟಿನ್ ಪ್ಯಾಂಟು ತೊಡದೆ ಡಿಸ್ಕೋ ಬಾಯಿಂದ ಹೊರಡುವುದೇ ಇಲ್ಲ ಎಂಬುದು ಅವನ ಹಟ. ಊಟದ ಮೇಲಿನ ಪ್ರೀತಿಯೂ ಅಷ್ಟೇ ಗಟ್ಟಿ. ಒಂದು ಮಧ್ಯಾಹ್ನ ಹಾಡಿನ ರೆಕಾರ್ಡಿಂಗ್ ಶುರುವಾಗುವ ಹೊತ್ತಿಗೆ ಪ್ಯಾಂಟು ಬೇಕೇ ಬೇಕು ಎಂದು ಹೇಳಿಕಳಿಸಿದ್ದರಿಂದ ಯಜಮಾನ ಗಲಗಲಿಯ ಕೈಯಲ್ಲೇ ಅದನ್ನು ಕೊಟ್ಟು ಕಳಿಸಿದ. ಗಾಯಕ ಅದನ್ನು ಹೇಗೋ ಏರಿಸಿಕೊಂಡು ಬಂದ. ಹಾಡು ಮುಗಿದ ಮೇಲೆ ಇದನ್ನೇ ಬಿಚ್ಚಿಕೊಡುತ್ತೇನೆ, ಮತ್ತೆ ಇಸ್ತ್ರಿಗೆ ಒಯ್ಯಬೇಕು, ಅಲ್ಲಿಯವರೆಗೆ ಕೂತಿರು ಎಂದ. ಆಕೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಎದುರಿಗಿದ್ದದ್ದು ಕೋರಸ್ಸಿನವರ ಮೈಕು. ಅದನ್ನು ಯಾರೂ ಆರಿಸಿರಲಿಲ್ಲ ಎಂಬುದು ಆಕೆಗೆ ಹೇಗೆ ಗೊತ್ತಾಗಬೇಕು?

ಹಾಡು ಶುರುವಾಯಿತು. ಬೇಸ್ ಗಿಟಾರು ನೆಲದೊಳಗಿಂದ ಬಂದಂತೆ ಪಾದಕ್ಕೆ ತಾಗುತ್ತಿತ್ತು. ಎರಡನೆಯ ಚರಣ ಮುಗಿದಲ್ಲಿ ವಾದ್ಯಗಳೆಲ್ಲ ಒಮ್ಮೆ ನಿಂತು ಡ್ರಮ್ಮು ಮಾತ್ರ ನುಡಿಯುವ ಒಂದು ಬಿಡುವಿತ್ತು. ಅಭ್ಯಾಸಬಲದಿಂದ ಗಾಯಕ ಅಲ್ಲಿ ಸೊಂಟ ಕುಣಿಸಿದ. ಪ್ಯಾಂಟು ಹಿಂದುಗಡೆ ಪರ್ರನೆ ಹರಿಯಿತು.

ಗಲಗಲಿ ತುಟಿ ಕಚ್ಚಿದಳು, ಮೂಗು ಹಿಡಿದಳು, ಯಾವುದೂ ನಡೆಯಲಿಲ್ಲ. ನಗು ಮೆಟ್ಟಿಲು ಹತ್ತಿ, ಮೇಲೆ ನಿಂತು, ಇಳಿಯಿತು. ಗಾಯಕ ಮಾತ್ರ ಹಾಡು ನಿಲ್ಲಿಸಲಿಲ್ಲ. ಒಂದು ಕೈಯನ್ನು ಹಿಂದಕ್ಕೆ ಒತ್ತಿಕೊಂಡೇ ಕೊನೆಯವರೆಗೂ ಹಾಡಿದ. ಅಷ್ಟು ಚೆನ್ನಾಗಿ ಅವನು ಅದುವರೆಗೆ ಹಾಡಿರಲಿಲ್ಲ. ಟೇಪನ್ನು ಹಿಂದಕ್ಕೆ ತಿರುಗಿಸಿ ಕೇಳಿದಾಗ ಹರಿದ ಸದ್ದನ್ನು ಡ್ರಮ್ಮು ನುಂಗಿತ್ತು, ನಗು ಮಾತ್ರ ಗಾಜಿನಂತೆ ಸ್ಪಷ್ಟವಾಗಿತ್ತು. ರೆಕಾರ್ಡಿಸ್ಟು ಇದನ್ನು ತೆಗೆದರೆ ಹಾಡಿನ ಜೀವವೇ ಹೋಗುತ್ತದೆ, ಇರಲಿ ಎಂದ. ಗಾಯಕ ಮೆಲ್ಲಗೆ ಆಕೆಯ ಹತ್ತಿರ ಬಂದ.

“ನೋಡಮ್ಮ, ಯಾಕೆ ನಕ್ಕೆ ಅಂತ ಯಾರಿಗೂ ಹೇಳ್ಬೇಡ. ನನ್ನ ಮಾನ ಹೋಗುತ್ತೆ.”

ಆಕೆ ಒಪ್ಪಿಕೊಂಡಳು. ಹರಿದ ಪ್ಯಾಂಟನ್ನು ಕಾಗದದಲ್ಲಿ ಸುತ್ತಿ ಒಯ್ದು ತಾನೇ ಹೊಲಿದುಕೊಟ್ಟಳು.

ಹಾಡು ಮನೆಮನೆಗೂ ಮುಟ್ಟಿತು. ನಕ್ಕವಳು ಯಾರು ಎಂದು ಕೇಳದವರಿಲ್ಲ. ದೊಡ್ಡ ನರ್ತಕಿ ಎಂದು ಕೆಲವರು, ಯಾರೋ ಶ್ರೀಮಂತರ ಮಗಳು ಎಂದು ಕೆಲವರು. ಗಾಯಕ ಯಾವುದಕ್ಕೂ ಹೌದು ಎನ್ನದೆ, ಇಲ್ಲ ಎಂದೂ ಹೇಳದೆ, ಮೀಸೆಯಡಿ ಮುಗುಳ್ನಗುತ್ತಿದ್ದ. ಗುರುತು ಹಿಡಿದವನು ಗಲಗಲಿಯ ಅಪ್ಪ ಒಬ್ಬನೇ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಅವನದು; ಕ್ಷೌರದಂಗಡಿಯಲ್ಲಿ ಕೆನ್ನೆಗೆ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ ರೇಡಿಯೋದಲ್ಲಿ ಮಗಳು ನಕ್ಕದ್ದು ಕೇಳಿಸಿತು. ಮನೆಗೆ ಬಂದವನೇ, ಅದು ನೀನೇನಾ ಎಂದು ಕೇಳಿದ. ಹೌದು ಎಂದಳು. ಯಾಕೆ ನಕ್ಕೆ ಎಂದ. ಅದಕ್ಕೆ ಆಕೆ ಬಾಯಿ ಬಿಡಲಿಲ್ಲ, ಮಾತು ಕೊಟ್ಟಾಗಿತ್ತಲ್ಲ. ಸುಮ್ಮನಿದ್ದದ್ದೇ ತಪ್ಪಾಯಿತು.

“ಹೇಳೋಕಾಗದಂಥ ನಗು ನಗೋ ಕಡೆ ನನ್ನ ಮಗಳಿಗೆ ಕೆಲಸ ಬೇಡ,” ಎಂದ ಅಪ್ಪ.

ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು. ಅಲ್ಲಿ ಬಿಳಿ ಹಾಸಿಗೆ ಬಟ್ಟೆಗಳ ಗುಡ್ಡ, ಅದರ ನಡುವೆ ನಗುವವರು ಯಾರೂ ಇಲ್ಲ. ನಗು ಬಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವುದು ರೂಢಿಯಾಯಿತು. ಲಿಫ್ಟ್ ರಿಪೇರಿಯವನ ಜತೆ ಮದುವೆಯಾಯಿತು. ಒಳ್ಳೆಯ ಮನುಷ್ಯ, ಜೋಕು ಹೇಳಲು ಬಾರದು ಅಷ್ಟೇ. ಮಗ ಹುಟ್ಟಿದ, ದೊಡ್ಡವನಾದ, ಅವನಿಗೊಬ್ಬಳು ಹೆಂಡತಿ ಬಂದಳು. ಇತ್ತ ಗಲಗಲಿ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಮೇಜು ಹಾಕಿಕೊಂಡಳು. ಗಲಗಲಿ ಎಂಬ ಹೆಸರು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸೊಸೆ ಬಸ್ ಡಿಪೋದಲ್ಲಿ ಗುಮಾಸ್ತೆ, ಸಿನಿಮಾ ಎಂದರೆ ಪ್ರಾಣ. ಈ ಸಲ ಅವಳ ತಲೆಗೇರಿದ್ದು ಡಿಸ್ಕೋ ಕಾಲದ ಕಥೆಯ ಒಂದು ಹೊಸ ಚಿತ್ರ. ಅದರ ಹಾಡುಗಳ ಆಲ್ಬಮ್ಮನ್ನು ಫೋನಿನಲ್ಲಿ ಹಾಕಿಕೊಂಡು ರಜೆಯ ದಿನ ತರಕಾರಿ ಹೆಚ್ಚುತ್ತಿದ್ದಳು. ಹೆಚ್ಚಿನವು ಹಳೆಯ ಧಾಟಿಯಲ್ಲಿ ಹೊಸದಾಗಿ ಕಟ್ಟಿದ ಹಾಡುಗಳು. ಒಂದು ಮಾತ್ರ ಆ ಕಾಲದ್ದೇ, ಧೂಳು ಒರೆಸಿ ಹಾಗೇ ಇಟ್ಟದ್ದು. ಎರಡನೆಯ ಚರಣ ಮುಗಿಯಿತು, ಡ್ರಮ್ಮು ಒಂಟಿಯಾಯಿತು, ಹುಡುಗಿಯೊಬ್ಬಳು ನಕ್ಕಳು.

ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು, ಅಡುಗೆಮನೆಯ ಬಾಗಿಲಿಗೆ ಬಂದು, “ಅದು ನಾನು,” ಎಂದರು.

ಸೊಸೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಿಡುವವಳಲ್ಲ, ಒಂದು ಸಲ ನಕ್ಕು ತೋರಿಸಿ ಅತ್ತೆ ಎಂದು ದುಂಬಾಲು ಬಿದ್ದಳು. ಆಕೆ ಪ್ರಯತ್ನಪಟ್ಟರು. ಚಳಿಯಲ್ಲಿ ಸ್ಟಾರ್ಟ್ ಆಗದ ಸ್ಕೂಟರಿನ ಹಾಗೆ ಏನೋ ಎರಡು ಸಲ ಕೆಮ್ಮಿತು. ಪೇಪರ್ ಓದುತ್ತಿದ್ದ ಗಂಡ ತಲೆಯೆತ್ತದೆ, ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಇವಳು ಹಾಗೆ ನಕ್ಕದ್ದು ನಾನಂತೂ ಕೇಳಿಲ್ಲ, ಬೇರೆ ಯಾರದ್ದೋ ಇರಬೇಕು ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೂ ಆಕೆಗೆ ಚುರುಕ್ ಎಂದಿತು. 

ಚಿತ್ರದ ಸಂಗೀತ ನಿರ್ದೇಶಕಿ ಯಾವುದೋ ಸಂದರ್ಶನದಲ್ಲಿ, ಆ ನಗು ಯಾರದೆಂದು ತಮಗೂ ತಿಳಿಯಲಿಲ್ಲ ಎಂದಿದ್ದರಂತೆ. ಸೊಸೆ ಅವರಿಗೆ ಬರೆದೇಬಿಟ್ಟಳು. ಶನಿವಾರ ಮಧ್ಯಾಹ್ನ ಹಳೆಯ ಚಿತ್ರಮಂದಿರದಲ್ಲಿ ಆಲ್ಬಮ್ಮಿನ ಸಮಾರಂಭ, ಗಾಯಕರೂ ಬರುತ್ತಾರೆ, ಕರೆದುಕೊಂಡು ಬನ್ನಿ ಎಂದು ಉತ್ತರ ಬಂತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಗಾಯಕ ಕೂತಿದ್ದರು. ತಲೆಯೆಲ್ಲ ಬೆಳ್ಳಗಾಗಿತ್ತು, ಕೈಯಲ್ಲಿ ಊರುಗೋಲು. ಪ್ಯಾಂಟು ಮಾತ್ರ ಈಗಲೂ ಬಿಳಿ ಸ್ಯಾಟಿನ್‌ದೇ, ಸೊಂಟಕ್ಕೆ ಎಲಾಸ್ಟಿಕ್ ಹಾಕಿಸಿದ್ದರು. ಆಕೆಯನ್ನು ಕಂಡವರೇ ಸುತ್ತಮುತ್ತ ನೋಡಿ ದನಿ ತಗ್ಗಿಸಿದರು.

“ಹೇಳಿಬಿಟ್ಟೆಯೇನಮ್ಮ?”

“ಇಲ್ಲ. ನಮ್ಮನೆಯವರಿಗೂ ಹೇಳಿಲ್ಲ.”

“ಅಯ್ಯೋ, ಇಷ್ಟು ವರ್ಷ? ಯಾಕೆ?”

“ನೀವೇ ಬೇಡ ಅಂದಿದ್ರಲ್ಲ.”

ಆಮೇಲೆ ಆಕೆ ಅಪ್ಪನ ಸಿಟ್ಟನ್ನೂ ಬಿಡಬೇಕಾದ ಕೆಲಸವನ್ನೂ ಎರಡೇ ಮಾತಿನಲ್ಲಿ ಹೇಳಿದರು, ದೂರಿನಂತೆ ಅಲ್ಲ, ಮಾತಿಗೆ ಮಾತು ಬಂತೆಂದು. ಗಾಯಕ ಊರುಗೋಲಿನ ಹಿಡಿಯನ್ನು ಉಜ್ಜುತ್ತ ಕೂತುಬಿಟ್ಟರು. ಅವರಿಗೆ ಇದು ಗೊತ್ತೇ ಇರಲಿಲ್ಲ.

ಹಾಡನ್ನು ವೇದಿಕೆಯ ಮೇಲೆ ಹಾಡುವುದು, ಬಿಡುವು ಬಂದಾಗ ಆಕೆ ನಗುವುದು ಎಂದು ನಿರ್ದೇಶಕಿ ಗೊತ್ತುಮಾಡಿದ್ದರು. ತಾಲೀಮಿನಲ್ಲಿ ಆಕೆಯ ಗಂಟಲಿನ ಸ್ಕೂಟರ್ ಮತ್ತೆ ಕೆಮ್ಮಿತು. ಹೇಳಿದ ಹೊತ್ತಿಗೆ ನಗೋಕೆ ನಾನೇನು ಅಲಾರಾಂ ಗಡಿಯಾರವೇ ಎಂದು ಆಕೆ ಸೊಸೆಯ ಹತ್ತಿರ ಗೊಣಗಿದರು. ವಾಪಸ್ ಮನೆಗೆ ಹೋಗೋಣ ಎಂದೂ ಎರಡು ಸಲ ಹೇಳಿ ನೋಡಿದರು.

ಸಭೆ ತುಂಬಿತು. ಆಕೆ ವೇದಿಕೆಯ ಮೇಲೆ, ಗಂಡನೂ ಸೊಸೆಯೂ ಕೆಳಗಿನ ಕುರ್ಚಿಗಳಲ್ಲಿ. ಹಾಡು ಶುರುಮಾಡುವ ಬದಲು ಗಾಯಕ ಮೈಕು ಹಿಡಿದು ಮುಂದಕ್ಕೆ ಬಂದರು. “ಈ ನಗುವಿಗೆ ಒಂದು ಕಾರಣ ಇದೆ,” ಎಂದರು. “ನಾಚಿಕೆಯಿಂದ ಇಷ್ಟು ದಿನ ಮುಚ್ಚಿಟ್ಟೆ. ಅದರಿಂದ ಈ ಅಮ್ಮನಿಗೆ ತೊಂದರೆಯಾಯ್ತು, ಅದು ನನಗೆ ಇವತ್ತು ಗೊತ್ತಾಯ್ತು. ನನ್ನ ಪ್ಯಾಂಟು ಹರಿದಿತ್ತು.”

ಅಷ್ಟಕ್ಕೇ ಬಿಡಲಿಲ್ಲ. ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸೊಂಟ ಹೇಗೆ ಕುಣಿಸಿದೆ ಎಂದು ತೋರಿಸಿದರು. ಜನಕ್ಕೆ ಬೆನ್ನು ಹಾಕಿ, ಎಲ್ಲಿಂದ ಎಲ್ಲಿಯವರೆಗೆ ಹರಿಯಿತು ಎಂದು ಬೆರಳಿನಿಂದ ಗೆರೆ ಎಳೆದರು. ಒಂದು ಕೈ ಹಿಂದೆ ಒತ್ತಿಕೊಂಡು ಎತ್ತರದ ಸ್ವರ ಹಿಡಿಯುವುದು ಎಷ್ಟು ಕಷ್ಟ ಎಂದು ಹಾಡಿಯೂ ತೋರಿಸಿದರು.

ಗಲಗಲಿಯ ಅಂಗೈ ತಾನಾಗಿ ಬಾಯಿಯತ್ತ ಹೊರಟಿತು. ಅರ್ಧದಲ್ಲೇ ನಿಂತಿತು. ನಗು ಹೊಟ್ಟೆಯಲ್ಲಿ ಹುಟ್ಟಿ, ಒಂದೊಂದೇ ಮೆಟ್ಟಿಲು ಏರಿ, ತುದಿಯಲ್ಲಿ ನಿಂತು, ಸಭೆಯ ಮೇಲೆಲ್ಲ ಉರುಳಿಕೊಂಡು ಬಂತು. ಕುರ್ಚಿಯಲ್ಲಿದ್ದ ಗಂಡ ಎದ್ದೇ ನಿಂತುಬಿಟ್ಟರು. ಹಿಂದಿನವರು ಕೂರಿ ಕೂರಿ ಎಂದರೂ ಕೂರಲಿಲ್ಲ. ವಾದ್ಯದವರು ಹಾಡು ಎತ್ತಿಕೊಂಡರು, ಆದರೆ ಆಕೆ ನಿಲ್ಲಿಸಿದರೆ ತಾನೇ? ಗಾಯಕ ಮೊದಲ ಚರಣ ಮರೆತರು, ಗಿಟಾರಿನವನು ತಾಳ ಕಳೆದುಕೊಂಡ, ಎಲ್ಲ ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿದರು. ಆ ಬಿಡುವು ಬರುವ ಹೊತ್ತಿಗೆ ಆಕೆಗೆ ಉಸಿರೇ ಉಳಿದಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಎರಡೂ ಕೈ ಎತ್ತಿ ಜನರತ್ತ ತೋರಿಸಿದರು. ಆ ಜಾಗವನ್ನು ಇಡೀ ಸಭೆ ನಕ್ಕು ತುಂಬಿಸಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ಗಂಡ ಟಿಕೆಟ್ ತೆಗೆದುಕೊಂಡು ಆಕೆಯ ಪಕ್ಕ ಬಂದು ಕೂತರು. “ಇಷ್ಟು ವರ್ಷ ಅದನ್ನ ಎಲ್ಲಿಟ್ಟಿದ್ದೆ?” ಎಂದು ಕೇಳಿದರು.

“ನೀವು ಒಂದಾದ್ರೂ ನಗುವಂಥ ಜೋಕು ಹೇಳಿದ್ರೆ ತಾನೇ?”

ಗಂಡ ಆ ಮಾತನ್ನು ಸವಾಲೆಂದೇ ತೆಗೆದುಕೊಂಡರು. ಆದರೆ ಜೋಕು ಕಲಿಯುವ ವಯಸ್ಸು ಮೀರಿದೆ ಎಂದು ಅವರಿಗೇ ಗೊತ್ತಿತ್ತು. ಅತ್ತೆಯನ್ನು ನಗಿಸಲು ಸೊಸೆ ಬೇರೆ ದಾರಿ ಹುಡುಕಿದಳು. ಆ ಚಿತ್ರ ಬಂದ ಮೇಲೆ ಡಿಪೋದ ಹಿಂದಿನ ಹಾಲ್‌ನಲ್ಲಿ ಗುರುವಾರ ಸಂಜೆ ಹಿರಿಯರಿಗೆ ಡಿಸ್ಕೋ ಕಲಿಸಲು ಶುರುಮಾಡಿದ್ದರು. ಇಬ್ಬರ ಹೆಸರನ್ನೂ ಬರೆಸಿಬಿಟ್ಟಳು. ಲಿಫ್ಟಿನ ಒಂದೊಂದು ಗಾಲಿಯೂ ಯಾವ ಕಡೆ ತಿರುಗುತ್ತದೆ ಎಂದು ಬಲ್ಲ ಮನುಷ್ಯನಿಗೆ ಎಡಗಾಲು ಯಾವುದು, ಬಲಗಾಲು ಯಾವುದು ಎಂಬುದು ಇನ್ನೂ ತಲೆಗೆ ಹತ್ತಿಲ್ಲ. ಆಕೆ ಬೇಗ ಕಲಿತಿದ್ದಾರೆ, ಗಂಡ ಹೆಜ್ಜೆ ತಪ್ಪಿದಾಗಲೆಲ್ಲ ನಗು ಮೆಟ್ಟಿಲು ಹತ್ತುತ್ತದೆ. ಈ ವಾರ ಸುತ್ತು ತಿರುಗುವ ಪಾಠ. ಪಕ್ಕದ ಜೋಡಿಗೆ ತಾಗದ ಹಾಗೆ ಇವರಿಬ್ಬರನ್ನೂ ಗೋಡೆಯ ಹತ್ತಿರ ನಿಲ್ಲಿಸಬೇಕೆಂದು ಕಲಿಸುವಾಕೆ ಈಗಲೇ ಹೇಳಿದ್ದಾಳೆ.