ಏಡಿಗಳ ಊರಿನಲ್ಲಿ ಅಮ್ಮ ಹಚ್ಚಿದ ಊದುಬತ್ತಿ

ನವೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಒಸಾಕಾ ಬಿಟ್ಟೆವು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾವು ಯುರೋಪಿನಲ್ಲಿರಬೇಕಿತ್ತು. ಪ್ಯಾರಿಸ್, ರೋಮ್ ಎಲ್ಲರೂ ನೋಡುತ್ತಾರೆ, ನಾವು ಯಾರೂ ಹೋಗದ ಪುಟ್ಟ ಊರುಗಳಿಗೆ ಹೋಗೋಣವೆಂದು ಆರು ತಿಂಗಳು ಕೂತು ಪಟ್ಟಿ ಮಾಡಿದ್ದೆ. ಅಮ್ಮನ ವೀಸಾಕ್ಕೆ ಇಂಡಿಯಾದಿಂದಲೇ ಅರ್ಜಿ ಹಾಕಬೇಕು ಎಂಬುದು ನನಗೆ ತಿಳಿದದ್ದು ಅವಳು ಮೈಸೂರು ಬಿಟ್ಟು ಒಸಾಕಾದ ನನ್ನ ಮನೆಗೆ ಬಂದಿಳಿದ ಮೇಲೆ! ಡಾಕ್ಟರೇಟ್ ಮಾಡಿದವಳ ಬುದ್ಧಿ ಇಷ್ಟು. ನನ್ನ ಪೆಚ್ಚುಮೋರೆ ನೋಡಿ ಲ್ಯಾಬಿನ ಸಹೋದ್ಯೋಗಿ ಮೊರಿತಾ ಸಾನ್ ನಕ್ಕರು. “ಯಾರೂ ಹೋಗದ ಊರು ತಾನೇ ಬೇಕು? ನಮ್ಮೂರಿಗೆ ಹೋಗಿ. ಅಪ್ಪ ಅಮ್ಮ ಅಲ್ಲಿ ಸಣ್ಣ ಲಾಡ್ಜಿಂಗ್ ನಡೆಸುತ್ತಾರೆ. ಅಪ್ಪ ಮಾತು ಕಡಿಮೆ, ಅಷ್ಟೇ.”

ಕಿನೊಸಾಕಿಯವರೆಗೆ ಎಕ್ಸ್‌ಪ್ರೆಸ್ ರೈಲು, ಮೂರು ಗಂಟೆಗೆ ಸ್ವಲ್ಪ ಕಡಿಮೆ, ತಲೆಗೆ ಸುಮಾರು ಆರು ಸಾವಿರ ಯೆನ್. ಬಿಸಿನೀರ ಬುಗ್ಗೆಗಳ ಊರಾದ್ದರಿಂದ ರೈಲಿನಲ್ಲಿದ್ದವರೆಲ್ಲ ಅಲ್ಲೇ ಇಳಿದುಕೊಂಡರು. ಮುಂದಿನ ಡೀಸೆಲ್ ಗಾಡಿಗೆ ಒಂದೇ ಡಬ್ಬಿ. ಕಂಡಕ್ಟರ್ ಇಲ್ಲ, ಡ್ರೈವರೇ ಟಿಕೆಟ್ ಇಸಿದುಕೊಳ್ಳುತ್ತಾನೆ. ಸುರಂಗ ಮುಗಿದರೆ ಸಮುದ್ರ, ಸಮುದ್ರ ಮರೆಯಾದರೆ ಮತ್ತೆ ಸುರಂಗ. ನಮ್ಮ ಜೊತೆ ಇಳಿದವರು ಯಾರೂ ಇರಲಿಲ್ಲ. ಊರಿನ ಹೆಸರು ಬೇಕೆಂದೇ ಬರೆಯುತ್ತಿಲ್ಲ, ಆ ಮನೆಯವರಿಗೆ ಇನ್ನೊಮ್ಮೆ ತೊಂದರೆ ಕೊಡುವ ಮನಸ್ಸಿಲ್ಲ.

ತುಂತುರು ಮಳೆ, ಮೈ ಕೊರೆಯುವ ಗಾಳಿ. ಬೀದಿಯ ತುಂಬ ಏಡಿ. ಅಂಗಡಿ ಬೋರ್ಡಿನಲ್ಲಿ ಏಡಿ, ಚರಂಡಿ ಮುಚ್ಚಳದ ಮೇಲೂ ಏಡಿ. ಬಂದರಿನಲ್ಲಿ ಸಾಲಾಗಿ ಮಲಗಿಸಿದ ಏಡಿಗಳ ಕಾಲಿನ ಉದ್ದ ನೋಡಿ ಅಮ್ಮ ಬೆಚ್ಚಿಬಿದ್ದಳು. “ಇದೇನೇ ಇದು, ಮಕ್ಳಂಗೆ ಮಲಗವೆ! ನಮ್ಮ ಗದ್ದೆ ಏಡಿ ಇದರ ಬೆರಳಿಗೂ ಸಾಲ್ದಲ್ಲೇ.” ಒಂದರ ಬೆಲೆ ಹದಿನೆಂಟು ಸಾವಿರ ಯೆನ್ ಎಂದಾಗ ಮತ್ತೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮೊರಿತಾರ ತಾಯಿ ಬಾಗಿಲಲ್ಲೇ ಕಾದಿದ್ದರು. ಎಪ್ಪತ್ತರ ಹತ್ತಿರದ, ಸಣ್ಣ ಆಳಿನ ಹೆಂಗಸು. ಬಾಗಿ ಬಾಗಿ ಒಳಗೆ ಕರೆದರು. ಯಜಮಾನರು ಬಂದರಿಗೆ ಹೋಗಿದ್ದರು. ಆರು ಗಂಟೆಗೆ ಊಟವೆಂದು ಹೇಳಿ ಆಕೆ ಅಡುಗೆಮನೆ ಸೇರಿದರು, ನಾನು ಸ್ನಾನಕ್ಕೆ ಹೋದೆ. ಅಮ್ಮನನ್ನು ಒಬ್ಬಳೇ ಬಿಟ್ಟದ್ದೇ ತಪ್ಪಾಯಿತು.

ಊಟದ ಕೋಣೆಗೆ ಬಂದರೆ ಮೂಗಿಗೆ ಹಿತವಾದ ಗಂಧ ಬಡಿಯಿತು. ಮೂಲೆಯಲ್ಲಿ ಒಂದು ಗಿಡ್ಡ ಮೇಜು. ಮೇಲೆ ಇಪ್ಪತ್ತೈದರ ಆಸುಪಾಸಿನ ಹುಡುಗನ ಫೋಟೋ, ಅದರ ಮುಂದೆ ಒಬ್ಬರಿಗಾಗುವಷ್ಟು ಊಟದ ತಟ್ಟೆ: ಮುಚ್ಚಳ ಮುಚ್ಚಿದ ಅನ್ನದ ಬಟ್ಟಲು, ಸಾರು, ಸುಟ್ಟ ಮೀನು. ಪಕ್ಕದ ಹೂದಾನಿಯಲ್ಲಿ ನಮ್ಮ ಮೈಸೂರು ಊದುಬತ್ತಿ ಎರಡು ಕಡ್ಡಿ ಹೊಗೆಯಾಡುತ್ತಿದ್ದವು. ಅಮ್ಮ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಳು. ಬ್ಯಾಗಿನಲ್ಲಿ ಪ್ಯಾಕೆಟ್ ತಂದಿದ್ದು ನನಗೆ ಗೊತ್ತೇ ಇರಲಿಲ್ಲ. “ಪಾಪ, ಎಷ್ಟ್ ಚಿಕ್ಕ ವಯಸ್ಸು ನೋಡೇ. ಎಡೆ ಇಟ್ಟವ್ರೆ, ಕಡ್ಡಿ ಹಚ್ಚೋದು ಮರೆತವ್ರೆ” ಎಂದಳು.

ಅಷ್ಟರಲ್ಲಿ ಹಿಂದಿನ ಬಾಗಿಲು ಸರಿಯಿತು. ಯಜಮಾನರು ರಬ್ಬರ್ ಏಪ್ರನ್‌ನಲ್ಲೇ ನಿಂತಿದ್ದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಎರಡು ಹೆಜ್ಜೆಗೆ ಬಂದವರೇ ಉರಿಯುವ ಕಡ್ಡಿಗಳನ್ನು ಬರಿಗೈಯಲ್ಲಿ ಹೊಸಕಿದರು. ಹಾಗೇ ಮಳೆಗೆ ಹೊರಟುಹೋದರು. ಏನಾಯಿತೆಂದು ತಿಳಿಯದೆ ನಾನು ಅಡುಗೆಮನೆಗೆ ಓಡಿದೆ.

ವಿಷಯ ಹೇಳಿದವರು ಆ ತಾಯಿ. ಫೋಟೋದಲ್ಲಿದ್ದವನು ಹಿರಿಯ ಮಗ ತಕಾಶಿ. ಒಂಬತ್ತು ವರ್ಷದ ಹಿಂದೆ ಏಡಿ ಹಿಡಿಯಲು ಹೋದ ದೋಣಿಯಿಂದ ಕಾಣೆಯಾದ. ದೋಣಿ ಬಂತು, ಅವನು ಬರಲಿಲ್ಲ, ದೇಹವೂ ಸಿಗಲಿಲ್ಲ. ಮನೆಯಿಂದ ದೂರ ಹೋದವರು ಹಸಿದಿರಬಾರದು, ಕ್ಷೇಮವಾಗಿ ಮರಳಲಿ ಎಂದು ಅವರ ಪಾಲಿನ ಊಟ ಬಡಿಸಿಡುವುದು ಇಲ್ಲಿಯ ಹಳೆಯ ಪದ್ಧತಿ. ಅಂದರೆ ಅದು ಬದುಕಿರುವವನ ಊಟ! ಇಲ್ಲಿ ಫೋಟೋದ ಮುಂದೆ ಊದುಬತ್ತಿ ಹಚ್ಚುವುದು ಸತ್ತವರಿಗೆ. ಈ ಮನೆಯಲ್ಲಿ ಅದನ್ನು ಹಚ್ಚಲು ಯಜಮಾನರು ಇವತ್ತಿನವರೆಗೆ ಯಾರಿಗೂ ಬಿಟ್ಟಿರಲಿಲ್ಲ. ಐದು ವರ್ಷ ಈ ದೇಶದ ಅನ್ನ ತಿಂದ ನನಗೆ ಇದೊಂದೂ ಗೊತ್ತಿರಲಿಲ್ಲ. “ಸುಮಿಮಾಸೆನ್, ಸುಮಿಮಾಸೆನ್” ಎಂದು ಕ್ಷಮೆ ಕೇಳುತ್ತ ಬಾಗಿದ್ದೇ ಬಾಗಿದ್ದು. ಅಮ್ಮನಿಗೆ ಕನ್ನಡದಲ್ಲಿ ತಿಳಿಸಿದಾಗ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕೂತಳು. “ಅಯ್ಯೋ ಶಿವನೇ, ಬದುಕಿರೋ ಮಗನ್ನ ಸಾಯಿಸ್ಬುಟ್ನಲ್ಲೇ.” ಆ ರಾತ್ರಿ ಊಟಕ್ಕೆ ಬಡಿಸಿದ ಏಡಿ ನಮ್ಮಿಬ್ಬರ ತಟ್ಟೆಯಲ್ಲೂ ಹಾಗೇ ಉಳಿಯಿತು.

ಬೆಳಿಗ್ಗೆ ಏಳಕ್ಕೆ ತಿಂಡಿ. ಮಗನ ತಟ್ಟೆಯನ್ನು ಯಜಮಾನರೇ ತಂದಿಟ್ಟು, ನಮ್ಮೆದುರು ಮಂಡಿಯೂರಿ ಕೂತರು. ಅಂಗೈಯಲ್ಲಿ ಸುಟ್ಟ ಕಲೆ ಎದ್ದು ಕಾಣುತ್ತಿತ್ತು.

“ನಿಮ್ಮ ತಾಯಿ ಅದನ್ನು ಯಾಕೆ ಹಚ್ಚಿದರು? ಕೇಳಿ ಹೇಳಿ” ಎಂದರು.

ಕೇಳಿದೆ. “ಇನ್ನೇನ್ ಹೇಳ್ಲವ್ವ? ನಮ್ಮ ಹಿರೀರ ಹಬ್ಬದ ಎಡೆ ಥರಾನೇ ಇತ್ತು, ತೀರ್ಕೊಂಡವ್ನೆ ಅನ್ಕೊಂಡೆ. ತಪ್ಪಾಯ್ತು ಅಂತ ಹೇಳು. ಇದ್ದದ್ದನ್ನ ಇದ್ದಂಗೇ ಹೇಳು” ಎಂದು ಅಮ್ಮ ಕೈಮುಗಿದಳು.

ಯಜಮಾನರು ನನ್ನ ಬಾಯನ್ನೇ ನೋಡುತ್ತಿದ್ದರು. ಅಂಥ ನೋಟವನ್ನು ನಾನು ಆಸ್ಪತ್ರೆಗಳಲ್ಲಿ ಮಾತ್ರ ಕಂಡಿದ್ದೇನೆ. ನನ್ನಿಂದ ಆಗಲಿಲ್ಲ. “ನಮ್ಮ ಕಡೆ ದೂರ ಹೋದವರು ಬೇಗ ಮರಳಲಿ ಎಂದು ಹಚ್ಚುತ್ತಾರೆ. ನಿಮ್ಮ ಮಗ ಬರಲಿ ಎಂದು ಅಮ್ಮ ಬೇಡಿಕೊಂಡಳು” ಎಂದುಬಿಟ್ಟೆ.

ಅವರು ಹಣೆ ಚಾಪೆಗೆ ತಾಗುವಷ್ಟು ಅಮ್ಮನಿಗೆ ಬಾಗಿದರು. ಆಮೇಲೆ ಮಗನ ಬಟ್ಟಲಿನ ಮುಚ್ಚಳ ತೆಗೆದು ಒಳಭಾಗವನ್ನು ನಮ್ಮ ಕಡೆ ತಿರುಗಿಸಿದರು. ತುಂಬಾ ನೀರಿನ ಹನಿ. “ಹನಿ ಕೂತರೆ ಅವನು ಕ್ಷೇಮವಾಗಿದ್ದಾನೆ ಅಂತ ಅರ್ಥ. ಒಂದು ದಿನವೂ ತಪ್ಪಿಲ್ಲ” ಎಂದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಆ ಮುಖ ನಗುವುದನ್ನು ನೋಡಿದೆ. ಅಮ್ಮ ಏನೂ ಅರ್ಥವಾಗದೆ ತಾನೂ ನಕ್ಕಳು.

ಹತ್ತೂವರೆಯ ಗಾಡಿಗೆ ತಾಯಿ ಸ್ಟೇಷನ್ನಿನವರೆಗೂ ಬಂದರು. ಪ್ಲಾಟ್‌ಫಾರಂನಲ್ಲಿ ನಾವು ಮೂರೇ ಜನ. ರೈಲು ದೂರದಲ್ಲಿ ಕಂಡಾಗ ಆಕೆ ನನ್ನ ತೋಳು ಹಿಡಿದರು. ಈ ದೇಶದಲ್ಲಿ ಹಾಗೆ ಯಾರೂ ಹಿಡಿಯುವುದಿಲ್ಲ, ನಾನು ಬೆಚ್ಚಿದೆ.

“ನಿಮ್ಮ ತಾಯಿ ಹೇಳಿದ್ದು ಬೇರೆ, ನೀವು ಹೇಳಿದ್ದು ಬೇರೆ. ಅವರ ಮುಖ ನೋಡಿಯೇ ಗೊತ್ತಾಯಿತು” ಎಂದರು. ನನಗೆ ನೆಲವೇ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಆಕೆಗೆ ಸಿಟ್ಟಿರಲಿಲ್ಲ. “ಅರಿಗಾತೋ” ಎಂದು ಧನ್ಯವಾದ ಹೇಳಿದರು. “ಬಿಸಿ ಅನ್ನಕ್ಕೆ ಮುಚ್ಚಳ ಮುಚ್ಚಿದರೆ ಹನಿ ಕೂರದೆ ಇರುತ್ತದೆಯೇ? ಯಜಮಾನರು ಮುಚ್ಚಳ ತೆಗೆಯುವ ಹೊತ್ತು ನೋಡಿಯೇ ನಾನು ಬಿಸಿ ಅನ್ನ ಬಡಿಸುತ್ತೇನೆ. ಜ್ವರ ಬಂದ ದಿನವೂ ಎದ್ದು ಬಡಿಸಿದ್ದೇನೆ.”

ಗಾಡಿ ಹೊರಟಿತು. ತಿರುವು ದಾಟುವವರೆಗೂ ಆಕೆ ಬಾಗಿಯೇ ನಿಂತಿದ್ದರು. “ಏನಂದ್ರೇ?” ಎಂದಳು ಅಮ್ಮ. ನನ್ನ ಸುಳ್ಳನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಎರಡು ಸ್ಟೇಷನ್ ಕಳೆಯುವವರೆಗೂ ಅವಳು ಕಿಟಕಿಯಾಚೆಯ ಸಮುದ್ರ ನೋಡುತ್ತಿದ್ದಳು. ಮೂರನೆಯದರಲ್ಲಿ ನನ್ನ ಕಡೆ ತಿರುಗಿದಳು.

“ಅಲ್ಲ ಕಣೇ, ಹಂಗಾದ್ರೆ ಆ ತಾಯಿ ಮಗ ಹೋದ ಅಂತ ಇನ್ನೂ ಒಂದ್ಸಲಾನೂ ಅತ್ತಿಲ್ವಲ್ಲೇ?”