ಮೂವತ್ತೆರಡು ಸೆಂಟಿಮೀಟರ್

ನಗರಸಭೆಯಲ್ಲಿ ಮೂವತ್ತು ವರ್ಷ ಸರ್ವೇಯರ್ ಆಗಿದ್ದ ಅವರನ್ನು ಊರವರು ಬೆನ್ನ ಹಿಂದೆ ಇಂಚುಪಟ್ಟಿ ಅನ್ನುತ್ತಿದ್ದರು. ಗೋಡೆಯ ಮೇಲಿನ ಫೋಟೊ ಕೂದಲೆಳೆಯಷ್ಟು ವಾಲಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಇವರಿಗೆ ದೋಸೆ ಹಾಕಿಕೊಟ್ಟರೂ ದುಂಡಗಿದೆಯೇ ಎಂದು ಅಳೆಯುತ್ತಾರೆ ಎಂದು ಹೆಂಡತಿಯೇ ನಗುತ್ತಿದ್ದಳು.

ದೊಡ್ಡ ಭೂಕಂಪವಾಗಿ ಸಮುದ್ರ ಉಕ್ಕಿದರೆ ನೀರು ಎಲ್ಲಿಯವರೆಗೆ ಬರಬಹುದು ಎಂದು, ಕೆಲಸಕ್ಕೆ ಸೇರಿದ ಆರನೆಯ ವರ್ಷ ಬೀದಿಬೀದಿ ಅಳೆದು ನಕ್ಷೆ ಮಾಡಿದವರು ಅವರೇ. ಅದರಲ್ಲಿದ್ದ ನೀಲಿ ಗೆರೆಯನ್ನು ನಂಬಿ, ಗೆರೆಯಿಂದ ಸ್ವಲ್ಪವೇ ಮೇಲೆ ಪ್ರಾಥಮಿಕ ಶಾಲೆ ಕಟ್ಟಿದರು. ಭೂಮಿ ನಡುಗಿದರೆ ಮಕ್ಕಳು ಶಾಲೆಯ ಅಂಗಳದಲ್ಲೇ ಸೇರಬೇಕು ಎಂದು ನಿಯಮವಾಯಿತು.

ಅವರು ನಿವೃತ್ತರಾದ ಮೇಲೆ ಅದೇ ಕೆಲಸಕ್ಕೆ ಸೊಸೆ ಸೇರಿದಳು. ಎಂಟನೆಯ ವರ್ಷ ನಕ್ಷೆಯ ಮರುಪರಿಶೀಲನೆಗೆಂದು ಹೊರಟವಳಿಗೆ, ಹಳೆ ಅಂಚೆ ಕಚೇರಿಯ ಮುಂದಿನ ಗುರುತುಕಲ್ಲು ಮಾವ ಬರೆದಿಟ್ಟ ಎತ್ತರಕ್ಕಿಂತ ಮೂವತ್ತೆರಡು ಸೆಂಟಿಮೀಟರ್ ಕೆಳಗೆ ಸಿಕ್ಕಿತು. ಮೂರು ಸಲ ಅಳೆದಳು. ಮೂರನೆಯ ದಿನ, ಅವರು ಬೀನ್ಸ್ ನಾರು ತೆಗೆಯುತ್ತಿದ್ದಾಗ ಪಕ್ಕದಲ್ಲಿ ಕೂತು ಹೇಳಿಬಿಟ್ಟಳು.

ಅವರು ಕೈಯಲ್ಲಿದ್ದ ಬೀನ್ಸ್ ಕೆಳಗಿಟ್ಟರು. "ನನ್ನದೇ ತಪ್ಪಿದ್ರೆ ಮೊದಲು ನನಗೇ ಗೊತ್ತಾಗ್ಬೇಕು. ನಾಳೆ ನಾನೂ ಬರ್ತೀನಿ," ಅಂದರು.

ಮರುದಿನ ಹಳೆಯ ಬೂಟು ಹಾಕಿಕೊಂಡು ಹೊರಟರು. ಗುಡ್ಡದಾಚೆ, ಸಮುದ್ರದಿಂದ ದೂರದ, ಕದಲದ ಬಂಡೆಯ ಮೇಲಿನ ಗುರುತಿನಿಂದ ಶುರುಮಾಡಿ ಅಂಚೆ ಕಚೇರಿಯವರೆಗೆ ಮಾವ ಅಳತೆಗೋಲು ಹಿಡಿದರು, ಸೊಸೆ ಓದಿದಳು. ಸಂಜೆಯ ಹೊತ್ತಿಗೆ ಹಳೆ ಅಳತೆ ಪುಸ್ತಕಗಳೊಂದಿಗೆ ತಾಳೆ ನೋಡಿದಾಗ ವಿಷಯ ತಿಳಿಯಾಯಿತು. ಬಂಡೆಯ ಬಳಿ ಹಳೆಯ ಅಳತೆ ಹೊಂದುತ್ತಿತ್ತು, ಕಡಲ ಕಡೆಗೆ ಬಂದಂತೆ ವ್ಯತ್ಯಾಸ ಬೆಳೆಯುತ್ತಿತ್ತು. ಅವರ ಲೆಕ್ಕ ಸರಿಯಾಗಿಯೇ ಇತ್ತು, ಇಳಿದದ್ದು ನೆಲ. ಕಡಲ ತಳದ ಪದರ ದಡದ ಅಡಿಗೆ ನುಗ್ಗುತ್ತ, ಊರನ್ನೂ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಕೆಳಕ್ಕೆ ಜಗ್ಗುತ್ತಿತ್ತು.

ಸೊಸೆಗೆ ಎದೆ ಹಗುರಾಯಿತು. ಅವರ ಮುಖ ಮಾತ್ರ ಅರಳಲಿಲ್ಲ.

"ಕಲ್ಲು ಇಳಿದಿದೆ ಅಂದ್ರೆ ಶಾಲೆನೂ ಇಳಿದಿದೆ ಕಣಮ್ಮ," ಅಂದರು.

ನಗರಸಭೆಗೆ ಸೊಸೆಯ ಜೊತೆ ಅವರೂ ಹೋಗಿ, ತಮ್ಮ ನಕ್ಷೆಯನ್ನು ಇನ್ನು ನಂಬಬೇಡಿ ಎಂದು ತಾವೇ ಹೇಳಿದರು. ಒಂದಡಿಗೆ ಇಷ್ಟೆಲ್ಲ ರಂಪ ಯಾಕೆ ಎಂದು ಅಧ್ಯಕ್ಷರು ಕೇಳಿದರು.

"ಮೊಣಕಾಲುದ್ದ ನೀರು ರಭಸವಾಗಿ ಬಂದ್ರೆ ನಾವು ನೀವೇ ನಿಲ್ಲಲ್ಲ ಸಾರ್. ಆರು ವರ್ಷದ ಮಗು ಹೇಗೆ ನಿಲ್ಲುತ್ತೆ?" ಅಂದರು ಮಾವ.

ಸಭೆ ಒಪ್ಪಿತು. ಸೊಸೆ ಹೊಸ ನಕ್ಷೆ ಮಾಡಿದಳು. ಮಕ್ಕಳು ಸೇರುವ ಜಾಗವನ್ನು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಬಳಿಗೆ ಬದಲಾಯಿಸಿದರು. ಮೊದಲ ಸಲದ ಅಭ್ಯಾಸದಲ್ಲಿ ಅತಿ ಚಿಕ್ಕ ತರಗತಿ ಹತ್ತಲು ಹತ್ತೊಂಬತ್ತು ನಿಮಿಷ ಹಿಡಿಯಿತು. ಬೇಲಿಯಲ್ಲಿ ಗೇಟು ಇಡಿಸಿ, ಮೆಟ್ಟಿಲುಗಳ ಎತ್ತರ ತಗ್ಗಿಸಿ, ತಿಂಗಳಿಗೊಮ್ಮೆ ನಡೆಸಿ ನಡೆಸಿ ಹನ್ನೊಂದಕ್ಕೆ ತಂದರು.

ಎರಡು ವರ್ಷದ ನಂತರ ಒಂದು ಬೆಳಿಗ್ಗೆ, ಎರಡನೆಯ ಪೀರಿಯಡ್ಡಿನಲ್ಲಿ ನೆಲ ಒಂದು ನಿಮಿಷಕ್ಕೂ ಹೆಚ್ಚು ನಡುಗಿತು. ಅದು ನಿಲ್ಲುತ್ತಿದ್ದಂತೆ ಟೀಚರುಗಳು ಯಾರ ಅಪ್ಪಣೆಗೂ ಕಾಯದೆ ಮಕ್ಕಳನ್ನು ಗುಡ್ಡಕ್ಕೆ ಹೊರಡಿಸಿದರು. ಅರ್ಧ ಗಂಟೆಯ ಮೇಲೆ ನೀರು ಬಂತು. ಹೆದರಿದಷ್ಟು ದೊಡ್ಡದಲ್ಲ, ಆದರೂ ಶಾಲೆಯ ಅಂಗಳ ದಾಟಿ ತರಗತಿಗಳ ಬೆಂಚುಗಳನ್ನು ಮೂಲೆಗೆ ತಳ್ಳಿ ಹೋಯಿತು. ಟ್ಯಾಂಕಿನ ಬಳಿ ಹಾಜರಿ ಕರೆದಾಗ ಇನ್ನೂರ ಹದಿನಾಲ್ಕು ಮಕ್ಕಳೂ "ಬಂದಿದ್ದೀನಿ" ಅಂದರು.

ಮರುದಿನ ಮಾವ ಸೊಸೆ ಇಬ್ಬರೂ ಶಾಲೆಗೆ ಹೋಗಿ ಗೋಡೆಯ ಮೇಲಿನ ಕೆಸರಿನ ಗುರುತು ಅಳೆದರು. ಈ ಹೊಸ ನಕ್ಷೆ ಎಷ್ಟು ವರ್ಷ ಬರುತ್ತದೆ ಎಂದು ಹೆಡ್‌ಮೇಡಂ ಕೇಳಿದರು. ನಿನ್ನೆಯ ನಡುಕದಲ್ಲೂ ನೆಲ ಅಲುಗಾಡಿರಬಹುದು, ಬರುವ ವಾರವೇ ಮತ್ತೆ ಅಳೆಯಬೇಕು ಅಂದಳು ಸೊಸೆ.